ಮೆಡಿಕಲ್ ಅಂಗಡಿಯ ಚೀಟಿಯೂ ಲೆಕ್ಕಕ್ಕೆ ಬರಲಿ



ಠಾಣೆ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರು ಡೊಂಬಿವಲಿಯಲ್ಲಿ ಸೇರಿರುವ ಈ ಸಭೆಯಲ್ಲಿ, ಸಾಹಿತಿಗಳು ಕೂರುವ ಪೀಠಕ್ಕೆ ಆರೋಗ್ಯದ ಖರ್ಚುವೆಚ್ಚ ಓದುತ್ತ ವೃತ್ತಿಜೀವನ ಕಳೆದವನನ್ನು ಕರೆದಿದ್ದೀರಿ. ಗೌರವ ಸಂದದ್ದು ಆ ವಿಷಯಕ್ಕೆ ಎಂದುಕೊಂಡು ನೇರವಾಗಿ ಅದಕ್ಕೇ ಬರುತ್ತೇನೆ.

ಕಾಯಿಲೆಯ ಮಾರುಕಟ್ಟೆ ಉಳಿದ ಮಾರುಕಟ್ಟೆಗಳಂತಲ್ಲ ಎಂದು 1963ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ ತೋರಿಸಿಕೊಟ್ಟರು. ಯಾವಾಗ ಮಲಗುತ್ತೇವೋ ನಮಗೆ ಗೊತ್ತಿರುವುದಿಲ್ಲ. ಏನು ಚಿಕಿತ್ಸೆ ಬೇಕೆಂಬುದು ಕೊಳ್ಳುವವನಿಗಿಂತ ಕೊಡುವವನಿಗೇ ಹೆಚ್ಚು ತಿಳಿದಿರುತ್ತದೆ. ಈ ಕಷ್ಟಕ್ಕೆ ಭಾರತ ಹುಡುಕಿಕೊಂಡ ಉತ್ತರಗಳಲ್ಲಿ ಕರ್ನಾಟಕದ ಪಾಲು ದೊಡ್ಡದು. 2003ರಲ್ಲಿ ಸಹಕಾರ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿಯಂತೆ ಕೂಡಿಸಿ ‘ಯಶಸ್ವಿನಿ’ ಆರೋಗ್ಯ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆ ಪಡೆದರು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. ಮಹಾರಾಷ್ಟ್ರದಲ್ಲಿ 2012ರಲ್ಲಿ ಶುರುವಾದ ಜೀವನದಾಯಿ ಯೋಜನೆ ಈಗ ಮಹಾತ್ಮಾ ಜ್ಯೋತಿರಾವ್ ಫುಲೆಯವರ ಹೆಸರಿನಲ್ಲಿದೆ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಇವು ಜೀವ ಉಳಿಸಿವೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಇವೆಲ್ಲ ಹೆಚ್ಚಾಗಿ ಆಸ್ಪತ್ರೆಯ ಹಾಸಿಗೆ ಹಿಡಿದವರಿಗೆ ನೆರವಾಗುವಂಥವು. ಹಾಸಿಗೆ ಹಿಡಿಯದೆಯೇ ದುಡ್ಡು ಕಳೆದುಕೊಳ್ಳುವ ಮನೆಗಳ ಗತಿಯೇನು?

ಡೊಂಬಿವಲಿಯ ಯಾವ ಚಾಳಿಗಾದರೂ ಹೋಗಿ ನೋಡಿ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಬಿಪಿ. ತಿಂಗಳು ತಿಂಗಳೂ ಮಾತ್ರೆ, ಆಗಾಗ ರಕ್ತಪರೀಕ್ಷೆ. ಹೋಟೆಲಿನಲ್ಲಿ ದುಡಿಯುವ ಮಗನ ಸಂಬಳದಿಂದ ಅದು ಸದ್ದಿಲ್ಲದೆ ಸೋರಿಹೋಗುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ ಎನ್ನುತ್ತವೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು. ಸಣ್ಣ ಇಳಿಕೆಯಲ್ಲ. ಆದರೂ ಆ ಉಳಿದ ಪಾಲಿನಲ್ಲಿ ಔಷಧಿಯದೇ ದೊಡ್ಡ ಹೊರೆ. ಅದನ್ನು ಅಳೆಯುವುದೂ ಸುಲಭವಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆಸ್ಪತ್ರೆಗೆ ದಾಖಲಾದದ್ದನ್ನು ಹಿಂದಿನ 365 ದಿನಗಳ ಮಟ್ಟಿಗೆ ಕೇಳುತ್ತಾರೆ, ಮಿಕ್ಕ ಕಾಯಿಲೆಗಳನ್ನು ಹಿಂದಿನ 15 ದಿನಗಳ ಮಟ್ಟಿಗೆ. ಬೆಳಗಿನ ಲೋಕಲ್ ಹಿಡಿದು ಹೋದವರು ರಾತ್ರಿ ಮನೆ ಸೇರುವ ಈ ಊರುಗಳಲ್ಲಿ ಸಮೀಕ್ಷಕನಿಗೆ ಸಿಗುವುದು ಎಷ್ಟೋ ಸಲ ಬೀಗ ಹಾಕಿದ ಬಾಗಿಲು.

ಜಿಲ್ಲೆಯ ಸರಾಸರಿಯೂ ನಮ್ಮನ್ನು ಕಾಣಿಸುವುದಿಲ್ಲ. 2011ರಲ್ಲಿ 1.10 ಕೋಟಿಗೂ ಹೆಚ್ಚು ಜನರಿದ್ದ ಠಾಣೆ ಆಗ ದೇಶದಲ್ಲೇ ಅತಿ ಹೆಚ್ಚು ಜನಸಂಖ್ಯೆಯ ಜಿಲ್ಲೆಯಾಗಿತ್ತು. 2014ರಲ್ಲಿ ಪಾಲ್ಘರ್ ಬೇರೆ ಜಿಲ್ಲೆಯಾದ ಮೇಲೂ ಶಹಾಪುರದ ಆದಿವಾಸಿ ಪಾಡಾ ಮತ್ತು ಘೋಡ್‌ಬಂದರ್ ರಸ್ತೆಯ ಗಗನಚುಂಬಿ ಕಟ್ಟಡ ಒಂದೇ ಅಂಕಿಯಲ್ಲಿ ಕರಗಿಹೋಗುತ್ತವೆ.

ಹಾಗಾದರೆ ಈ ಮನೆಗಳಿಗೆ ಬೇಕಾದದ್ದೇನು? ಮೊದಲು ಹತ್ತಿರದ ಆರೋಗ್ಯ ಕೇಂದ್ರ. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ 50,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂದಿತು. 2011ರ ಗಣತಿಯಲ್ಲಿ ಕಲ್ಯಾಣ-ಡೊಂಬಿವಲಿಯ ಜನ 12.47 ಲಕ್ಷ. ಅಂದಿನ ಲೆಕ್ಕಕ್ಕೇ 25 ಕೇಂದ್ರಗಳು ಬೇಕು. ಊರು ಅಲ್ಲಿಂದ ಎಷ್ಟು ಬೆಳೆದಿದೆ ಎಂಬುದು ನಿಮಗೆ ದಿನವೂ ರೈಲಿನ ಬಾಗಿಲಲ್ಲೇ ಗೊತ್ತಾಗುತ್ತದೆ. ಕೇಂದ್ರ ಇದ್ದರಷ್ಟೇ ಸಾಲದು. ದುಡಿಯುವವನು ಮನೆಗೆ ಬಂದಾಗ ಅದು ತೆರೆದಿರಬೇಕು, ಒಳಗೆ ಮಾತ್ರೆ ಇರಬೇಕು. ತಮಿಳುನಾಡು 1994ರಲ್ಲೇ ಔಷಧಿ ಖರೀದಿಗೆ ಪ್ರತ್ಯೇಕ ನಿಗಮ ಕಟ್ಟಿ, ಜಿಲ್ಲಾ ಉಗ್ರಾಣಗಳ ಮೂಲಕ ಆಸ್ಪತ್ರೆಗಳಿಗೆ ಉಚಿತ ಔಷಧಿ ತಲುಪಿಸಿತು. ನನ್ನ ದೃಷ್ಟಿಯಲ್ಲಿ ಇನ್ನೊಂದು ವಿಮಾ ಕಾರ್ಡಿಗಿಂತ ಇಂಥ ಉಗ್ರಾಣ ನಮ್ಮ ಮಹಾನಗರಪಾಲಿಕೆಗಳಿಗೆ ಮೊದಲು ಬೇಕು.

ಇಂಥ ಕೇಂದ್ರ, ಉಗ್ರಾಣಗಳನ್ನು ಬಾಯಿಮಾತಿನಲ್ಲಿ ಕೇಳಿದರೆ ಆಡಳಿತ ಕಿವಿಗೊಡುವುದಿಲ್ಲ, ಅಂಕಿ ಬೇಕು. ಅಂಕಿ ನಮ್ಮ ಮನೆಗಳಲ್ಲೇ ಇದೆ. ನಮ್ಮ ಕನ್ನಡ ಸಂಘಗಳು ಮನೆಗೊಂದು ನೋಟ್‌ಬುಕ್ ಕೊಡಲಿ. ಒಂದು ವರ್ಷ ಡಾಕ್ಟರ ಫೀ, ಔಷಧಿ, ಪರೀಕ್ಷೆ, ರಿಕ್ಷಾ ಬಾಡಿಗೆ, ತಪ್ಪಿದ ದಿನಗೂಲಿ ಎಲ್ಲವನ್ನೂ ಬರೆದಿಡಿ. ಕನ್ನಡದವರ ಮನೆಗಳಷ್ಟೇ ಆದರೆ ಆಗದು, ಅದೇ ಚಾಳಿನ ಮರಾಠಿ, ತೆಲುಗು, ಹಿಂದಿ ಮನೆಗಳೂ ಸೇರಲಿ. ಅರ್ಥಶಾಸ್ತ್ರ ಓದುವ ನಮ್ಮ ಹುಡುಗ ಹುಡುಗಿಯರು ಅದನ್ನು ಕೂಡಿಸಿ ಕೊಡಲಿ. ನಾನು ಅವರ ಜೊತೆ ಕೂರುತ್ತೇನೆ. ಪಾಲಿಕೆಯ ಬಜೆಟ್ಟಿಗೆ ಮುಂಚೆ ಆ ಲೆಕ್ಕ ಆಯುಕ್ತರ ಮೇಜಿಗೆ ಹೋಗಬೇಕು. ನೋಟ್‌ಬುಕ್ಕಿನ ಮೇಲೆ ಯಾರ ಹೆಸರೂ ಬೇಡ, ಒಂದು ಸಂಖ್ಯೆ ಸಾಕು.