ಅಗಳಿ ತೆಗೆದ ನದಿ

ಹಳೆಯ ಮನೆಗಳ ಹೆಬ್ಬಾಗಿಲಿಗೆ ಒಳಗಿನಿಂದ ಅಡ್ಡ ಕೊಡುತ್ತಿದ್ದ ಮರದ ಪಟ್ಟಿಗೆ ನಮ್ಮಲ್ಲಿ ಅಗಳಿ ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಹೀಗೆ ಅಗಳಿ ಹಾಕುವುದಕ್ಕೆ ‘ಬಾಕ್ಲೇ’ ಎಂಬ ಮಾತಿತ್ತು, ತೆಗೆಯುವುದಕ್ಕೆ ‘ದೇಬಾಕ್ಲೇ’. ಅದರಿಂದ ಹುಟ್ಟಿದ ‘ದೇಬಾಕ್ಲ್’ ಇಂಗ್ಲಿಷಿಗೆ ಹೋಗಿ ‘ಡಿಬಾಕಲ್’ ಆಯಿತು. ಚುನಾವಣೆಯಲ್ಲಿ ಪಕ್ಷವೊಂದು ನೆಲಕಚ್ಚಲಿ, ಕ್ರಿಕೆಟ್ ತಂಡ ಊಟದ ವಿರಾಮಕ್ಕೆ ಮೊದಲೇ ಆಲೌಟ್ ಆಗಲಿ, ಇಂಗ್ಲಿಷ್ ಪತ್ರಿಕೆಗಳ ತಲೆಬರಹಕ್ಕೆ ಈ ಪದ ಓಡಿ ಬರುತ್ತದೆ.

ಬಾಗಿಲಿನ ಅಗಳಿಗೂ ತಂಡದ ಕುಸಿತಕ್ಕೂ ಎತ್ತಣ ಸಂಬಂಧ? ನಡುವೆ ಒಂದು ನದಿ ಇದೆ. ಚಳಿನಾಡುಗಳಲ್ಲಿ ನದಿಯ ಮೇಲ್ಮೈ ಹೆಪ್ಪುಗಟ್ಟಿ, ಜನ ಗಾಡಿ ಹೊಡೆದುಕೊಂಡು ದಾಟುವಷ್ಟು ಗಟ್ಟಿಯಾಗುತ್ತದೆ. ಬಿಸಿಲೇರಿದಂತೆ ಮೇಲಿನಿಂದ ಮಂಜುಗಡ್ಡೆ ಸಡಿಲಗೊಳ್ಳುತ್ತದೆ. ಅತ್ತ ಬೆಟ್ಟದ ಹಿಮ ಕರಗಿ, ಅಡಿಯಲ್ಲಿ ನೀರು ಏರಿ, ಇಡೀ ಹಾಸನ್ನು ಎತ್ತತೊಡಗುತ್ತದೆ. ದಡದಲ್ಲಿ ನಿಂತವರಿಗೆ ಇದೊಂದೂ ತಿಳಿಯದು. ಒಂದು ದಿನ ಫಿರಂಗಿ ಹಾರಿಸಿದಂಥ ಸದ್ದಿನೊಡನೆ ಹಾಸು ಒಡೆದು, ಗಡ್ಡೆಗಳು ಒಂದರ ಮೇಲೊಂದು ಏರಿ, ತಿರುವುಗಳಲ್ಲಿ ಸಿಕ್ಕಿ, ಹಿಂದಿನ ನೀರು ಊರಿಗೆ ನುಗ್ಗುತ್ತದೆ. ಫ್ರೆಂಚರು ‘ದೇಬಾಕ್ಲ್’ ಎಂದದ್ದು ಇದನ್ನೇ. ಊರಿಗೆ ಅದು ಅನಾಹುತ. ನದಿಗೆ ಮಾತ್ರ ಅಗಳಿ ತೆಗೆದಂತೆ; ಪದ ಹುಟ್ಟಿದ್ದು ನದಿಯ ಕಡೆಯಿಂದ ನೋಡಿದಾಗ ಎಂಬುದು ನನಗೆ ಬಹಳ ಇಷ್ಟ.

ಫ್ರೆಂಚ್ ಲೇಖಕ ಎಮಿಲ್ ಜೋಲಾ 1892ರಲ್ಲಿ ಇದೇ ಪದವನ್ನು ಒಂದು ಕಾದಂಬರಿಯ ಹೆಸರಾಗಿಸಿದ. ಕಥೆ 1870ರ ಯುದ್ಧದ್ದು. ಜುಲೈನಲ್ಲಿ ಫ್ರಾನ್ಸ್ ಜರ್ಮನ್ ರಾಜ್ಯವಾದ ಪ್ರಷ್ಯದ ಮೇಲೆ ಯುದ್ಧ ಸಾರಿತು. ಸೆಪ್ಟೆಂಬರ್ 2ರಂದು ಸೆಡಾನ್‌ನಲ್ಲಿ ಫ್ರಾನ್ಸಿನ ಮೂರನೆಯ ನೆಪೋಲಿಯನ್ ಚಕ್ರವರ್ತಿಯೇ ಸೇನೆಯೊಡನೆ ಸೆರೆಯಾದ. ಎರಡು ದಿನ ಕಳೆಯುವಷ್ಟರಲ್ಲಿ ಪ್ಯಾರಿಸ್‌ನಲ್ಲಿ ಗಣರಾಜ್ಯ ಘೋಷಣೆಯಾಯಿತು. ಲೋಕ ಬೆರಗಾಯಿತು, ನಿಜ. ಆದರೆ ಬಿರುಕುಗಳು ಮೊದಲೇ ಇದ್ದವು. ಗೆದ್ದೇ ಗೆಲ್ಲುತ್ತೇವೆಂಬ ಭರವಸೆಯಲ್ಲಿ ಅಧಿಕಾರಿಗಳ ಕೈಗೆ ಜರ್ಮನ್ ನಾಡಿನ ನಕ್ಷೆ ಕೊಟ್ಟಿದ್ದರಂತೆ, ಕಾದಾಟ ನಡೆದದ್ದೋ ಸ್ವಂತ ನೆಲದಲ್ಲಿ! ರೈಲುಗಳಲ್ಲಿ ಸೈನಿಕರೊಂದು ಕಡೆ, ಅವರ ಸಾಮಗ್ರಿ ಇನ್ನೊಂದು ಕಡೆ. ಚಕ್ರವರ್ತಿ ಮೂತ್ರಕೋಶದ ಕಲ್ಲಿನ ನೋವಿನಲ್ಲಿ ಕುದುರೆಯ ಮೇಲೆ ಕೂರಲೂ ಒದ್ದಾಡುತ್ತಿದ್ದ. ಸೆಡಾನ್‌ನಲ್ಲಿ ಕೇಳಿಸಿದ್ದು ಕೊನೆಯ ಸದ್ದು ಅಷ್ಟೇ.

ಹಾಗಾದರೆ ಒಡೆಯುವ ಗಳಿಗೆಯನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದೇ? ಅಲಾಸ್ಕಾದ ನೆನಾನಾ ಎಂಬ ಪುಟ್ಟ ಊರಿನವರು 1917ರಿಂದ ನದಿಯ ಮಂಜುಗಡ್ಡೆ ಯಾವಾಗ ಒಡೆಯುತ್ತದೆ ಎಂಬುದರ ಮೇಲೆ ಪಂಥ ಕಟ್ಟಿಸುತ್ತಿದ್ದಾರೆ. ಆರಂಭಿಸಿದವರು ಅಲ್ಲಿ ರೈಲುಹಳಿ ಹಾಕಲು ಬಂದ ಎಂಜಿನಿಯರುಗಳು. ಹೆಪ್ಪುಗಟ್ಟಿದ ತನಾನಾ ನದಿಯ ಮೇಲೆ ಮರದ ಗೋಪುರವೊಂದನ್ನು ನಿಲ್ಲಿಸಿ, ಅದಕ್ಕೆ ಕಟ್ಟಿದ ತಂತಿಯನ್ನು ದಡದ ಗಡಿಯಾರಕ್ಕೆ ಜೋಡಿಸುತ್ತಾರೆ. ಗಡ್ಡೆ ಒಡೆದು ಗೋಪುರ ಸರಿದರೆ ಗಡಿಯಾರ ನಿಲ್ಲುತ್ತದೆ. ದಿನ, ಗಂಟೆ, ನಿಮಿಷ ಸರಿಯಾಗಿ ಊಹಿಸಿದವರಿಗೆ ಹಣ. ನದಿ ಒಡೆದೇ ಒಡೆಯುತ್ತದೆ, ಅದರಲ್ಲಿ ಯಾರಿಗೂ ಸಂಶಯವಿಲ್ಲ. 1964ರಲ್ಲಿ ಅದು ಮೇ 20ರವರೆಗೆ ಕಾಯಿಸಿತು. 2019ರಲ್ಲಿ ಏಪ್ರಿಲ್ 14ಕ್ಕೇ ಹೊರಟುಬಿಟ್ಟಿತು.