ಜೇನುಪೆಟ್ಟಿಗೆಯೊಳಗಿನ ಹೆಣ್ಣು-ಗಂಡಿನ ಲೆಕ್ಕ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಜಮಾ-ಖರ್ಚನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಾವು ಜೇನುಪೆಟ್ಟಿಗೆಯ ಒಳಗಿನ ಒಂದು ಲೆಕ್ಕ ಹೇಳ್ತೇವೆ.

ರಾಣಿ ಇಟ್ಟ ಮೊಟ್ಟೆಗೆ ಗಂಡಿನ ಬೀಜ ಸೇರದಿದ್ದರೆ ಅದು ಗಂಡುನೊಣ, ಸೇರಿದರೆ ಹೆಣ್ಣು. ಗಂಡುನೊಣಕ್ಕೆ ಅಪ್ಪನೇ ಇಲ್ಲ ಅಂದರೆ ನೀವು ನಗಬಹುದು. ಯುರೋಪಿನ ಝೀರ್ಜೋನ್ ಎಂಬ ಪಾದ್ರಿಗಳು 1845ರಲ್ಲೇ ಇದನ್ನು ಹೇಳಿದ್ದರು.

ಆದರೆ ಬೀಜ ಸೇರಿದ ಮಾತ್ರಕ್ಕೆ ಹೆಣ್ಣಾಗುವುದಿಲ್ಲ. ಇದನ್ನು ತೀರ್ಮಾನಿಸಲು ಸಿಎಸ್‌ಡಿ ಎಂಬ ಒಂದು ಜೀನ್ ಇದೆ. ವಿಜ್ಞಾನಿಗಳು ಅದನ್ನು ಪತ್ತೆಹಚ್ಚಿ 2003ರಲ್ಲಿ ಪ್ರಕಟಿಸಿದರು. ಈ ಜೀನಿನಲ್ಲಿ ಹಲವು ನಮೂನೆಗಳಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಎರಡೂ ಬೇರೆ ಬೇರೆ ನಮೂನೆಯಾದರೆ ಹೆಣ್ಣು. ಎರಡೂ ಒಂದೇ ಆದರೆ ಗಂಡು. ಇಂಥ ಗಂಡುಮರಿಯನ್ನು ಕೆಲಸಗಾರ ನೊಣಗಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ತಿಂದುಬಿಡುತ್ತವೆ. ಎರಿಯಲ್ಲಿ ಅಲ್ಲಲ್ಲಿ ಖಾಲಿ ಕಣ್ಣು ಉಳಿಯುತ್ತದೆ.

ರಾಣಿ ಆಕಾಶದಲ್ಲಿ ಹಾರಿ ಹಲವು ಗಂಡುಗಳನ್ನು ಕೂಡುವುದು ಇದಕ್ಕೇ ಅನುಕೂಲ. ಒಂದು ಗಂಡಿನ ನಮೂನೆ ಹೊಂದದಿದ್ದರೂ ಉಳಿದವು ಕೈಹಿಡಿಯುತ್ತವೆ. ಸುತ್ತಮುತ್ತಲಿನ ಗಂಡುಗಳೆಲ್ಲ ಒಂದೇ ಮನೆಯವಾದರೆ ಮರಿಗಳಲ್ಲಿ ಅರ್ಧದವರೆಗೂ ನಷ್ಟ. ಕೆಲಸಗಾರರು ಕಡಿಮೆಯಾದರೆ ತುಪ್ಪವೂ ಕಡಿಮೆ.

1991-92ರ ಸುಮಾರಿಗೆ ಕರ್ನಾಟಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಕುಟುಂಬಗಳು ಬಹಳ ನಾಶವಾದವು. ಅಂಥ ಹೊಡೆತದ ಮೇಲೆ ಉಳಿದ ಒಂದು ಒಳ್ಳೆ ಪೆಟ್ಟಿಗೆಯನ್ನೇ ಪಾಲು ಮಾಡಿ ಊರೆಲ್ಲ ತುಂಬಿಸೋಣ ಅನ್ನಿಸುವುದು ಸಹಜ. ಅಲ್ಲಿಯೇ ಅಪಾಯ. ಇಡೀ ಊರಿಗೆ ನಾಲ್ಕೇ ನಮೂನೆ ಉಳಿದರೆ ರೋಗವಿಲ್ಲದೆಯೂ ಪೆಟ್ಟಿಗೆ ಸೊರಗುತ್ತದೆ. ಎರಿಯಲ್ಲಿ ಸತ್ತ ಮರಿ ಕಂಡರೆ ರೋಗದ ಸಂಶಯ ಪಡಿ. ಸತ್ತ ಮರಿ ಇಲ್ಲದೆ ಬರೀ ಖಾಲಿ ಕಣ್ಣು ಕಂಡರೆ ಈ ಲೆಕ್ಕವನ್ನೂ ನೆನಪಿಡಿ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಮೂರು. ಪೆಟ್ಟಿಗೆ ಪಾಲು ಮಾಡುವಾಗ ಒಂದೇ ಮನೆಯದನ್ನು ನೆಚ್ಚಬೇಡಿ. ದೂರದ ಊರಿನ, ರೋಗವಿಲ್ಲದ ಕುಟುಂಬವನ್ನು ಪರೀಕ್ಷಿಸಿ ತನ್ನಿ. ಮರದ ಪೊಟರೆ, ಹುತ್ತದಲ್ಲಿರುವ ಜೇನನ್ನು ಸುಡಬೇಡಿ, ನಮ್ಮ ರಾಣಿಗಳಿಗೆ ಹೊಸ ನಮೂನೆಯ ಗಂಡು ಬರುವುದು ಅಲ್ಲಿಂದಲೇ.

ಒಬ್ಬೊಬ್ಬರೇ ಸಾಕಿದರೆ ಇದು ಆಗದ ಕೆಲಸ. ಸಂಘ ಇರುವುದೇ ಇದಕ್ಕೆ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ!