ಮಕ್ಕಳ ಕೈಯಲ್ಲಿ ಕುರ್‌ಆನ್: ಪಕ್ಕದಲ್ಲಿ ಯಾರು ಕುಳಿತಿದ್ದೇವೆ?

(ಕತಗಾಲದಲ್ಲಿ ಜುಮುಅ ಖುತುಬಾಕ್ಕೆ ಮುನ್ನ ಕನ್ನಡದಲ್ಲಿ ಮಾಡಿದ ಭಾಷಣದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ) ಅವರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಬಕ್ರೀದ್ ಮುಗಿದು ನಾಲ್ಕೈದು ದಿನವಾಗಿತ್ತು. ಇಶಾ ನಮಾಝಿನ ನಂತರ ನಮ್ಮ ಜಮಾಅತಿನ ಸಹೋದರರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಅವರ ಏಳು ವರ್ಷದ ಮಗ ಹಬ್ಬದ ರಾತ್ರಿಯಿಂದ ಅಬ್ಬಾನ ಪಕ್ಕದಲ್ಲಿ ಮಲಗಲು ಒಪ್ಪುತ್ತಿಲ್ಲವಂತೆ. ಕಾರಣ ಕೇಳಿದರೆ ಹೇಳುವುದಿಲ್ಲ. ಕೊನೆಗೆ ಅಮ್ಮಿಯ ಬಳಿ ಬಾಯಿ ಬಿಟ್ಟಿದ್ದಾನೆ: "ಅಬ್ಬಾಗೂ ಅಂಥ ಕನಸು ಬಿದ್ದರೆ?" ಅವನು ಅದೇ ಪ್ರಶ್ನೆಯನ್ನು ಹಬ್ಬದ ದಿನವೇ ತಂದೆಯ ಬಳಿ ಕೇಳಿದ್ದನು. "ತೌಬಾ ತೌಬಾ, ಇಂಥದ್ದೆಲ್ಲ ಕೇಳಬಾರದು" ಎಂದು ಗದರಿ ಸುಮ್ಮನಾಗಿಸಿದ್ದಾಗಿ ಆ ತಂದೆ ತಲೆ ತಗ್ಗಿಸಿ ಹೇಳಿದರು.

ತಪ್ಪು ಅವರೊಬ್ಬರದ್ದೇ ಅಲ್ಲ. ಪ್ರವಾದಿ ಇಬ್ರಾಹೀಮ್(ಅ)ರ ಬಲಿದಾನದ ಕಥೆಯನ್ನು ಮಕ್ತಬಿನಲ್ಲಿ ಆ ಮಕ್ಕಳಿಗೆ ಹೇಳಿದ್ದು ನಾವೇ. ಸಮಯವಾಯಿತೆಂದು ಕತ್ತಿಯವರೆಗೆ ಹೇಳಿ, ಟಗರು ಬಂತು ಎಂದು ಮುಗಿಸಿಬಿಟ್ಟಿದ್ದೆವು. ಹಾಗಾಗಿ ಇಂದು ನಾವು ಮಾತನಾಡಬೇಕೆಂದಿರುವ ವಿಷಯದಲ್ಲಿ ಮೊದಲು ಉತ್ತರ ಕೊಡಬೇಕಾದವರು ನಾವೇ ಆಗಿದ್ದೇವೆ.

ದೇವಗ್ರಂಥವು ಮಕ್ಕಳ ಓದಿಗೆ ತಕ್ಕುದೇ? ಈ ಪ್ರಶ್ನೆ ಕೇಳಿದೊಡನೆ ನಾವು ಸಿಟ್ಟಾಗಬಾರದು. ಕುರ್‌ಆನಿನಲ್ಲಿ ಯುದ್ಧದ ಪ್ರಸ್ತಾಪವಿದೆ, ನೂಹ್(ಅ)ರ ಕಾಲದ ಪ್ರಳಯವಿದೆ, ನರಕದ ಎಚ್ಚರಿಕೆಯಿದೆ, ತಲಾಕ್ ಮತ್ತು ವಾರಸುದಾರಿಕೆಯ ಕಾನೂನುಗಳಿವೆ. ಇವೆಲ್ಲ ಏಳು ವರ್ಷದ ಮಗುವಿಗೇಕೆ, ದೊಡ್ಡವರಾದ ಮೇಲೆ ಓದಲಿ ಎಂದು ಕೆಲವರು ಹೇಳುತ್ತಾರೆ. ಇನ್ನು ನಮ್ಮಲ್ಲಿ ಅನೇಕರು, ಓದಿದರೆ ಬರಕತ್ ಇದೆ, ಅರ್ಥದ ಗೊಡವೆ ಮಗುವಿಗೆ ಬೇಡ ಎನ್ನುತ್ತಾರೆ. ಒಂದು ಉತ್ತರ ಗ್ರಂಥವನ್ನು ಮಗುವಿನಿಂದ ದೂರವಿಡುತ್ತದೆ. ಇನ್ನೊಂದು ಅರ್ಥವನ್ನು ದೂರವಿಡುತ್ತದೆ. ಎರಡರಲ್ಲಿಯೂ ದೊಡ್ಡವರಿಗೆ ಒಂದು ಅನುಕೂಲವಿದೆ: ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗಿಲ್ಲ.

ಈಗ ಕುರ್‌ಆನ್ ಏನು ಕಲಿಸುತ್ತದೆಂದು ನೋಡೋಣ. ಆ ಬಲಿದಾನದ ಘಟನೆ 37ನೇ ಅಧ್ಯಾಯವಾದ ಅಸ್ಸಾಫ್ಫಾತ್‌ನಲ್ಲಿದೆ. ಅಲ್ಲಿ ನಾವು ಗಮನಿಸದೆ ದಾಟಿಹೋಗುವ ಎರಡು ಸಂಗತಿಗಳಿವೆ. ಒಂದು, ತಂದೆ ಮಗನೊಡನೆ ಆ ಕನಸಿನ ಮಾತೆತ್ತಿದ್ದು ಯಾವಾಗ? ಮಗ ತಂದೆಯ ಜೊತೆ ಓಡಾಡಿ ದುಡಿಯುವ ಪ್ರಾಯಕ್ಕೆ ಬಂದಾಗ. ತೊಟ್ಟಿಲ ಮಗುವಿಗಲ್ಲ. ಎರಡು, ಇಬ್ರಾಹೀಮ್(ಅ)ರು ಆಜ್ಞೆಯನ್ನು ಬರೇ ತಿಳಿಸಲಿಲ್ಲ. ಕನಸನ್ನು ಹೇಳಿ, ಈ ಬಗ್ಗೆ ನೀನು ಏನೆನ್ನುವೆ ಎಂದು ಮಗನ ಅಭಿಪ್ರಾಯ ಕೇಳಿದರು. ಅಲ್ಲಾಹನ ಆಪ್ತಮಿತ್ರರೆಂಬ ಪದವಿಯಿದ್ದ ಪ್ರವಾದಿ, ಅಲ್ಲಾಹನ ಆಜ್ಞೆಯ ವಿಷಯದಲ್ಲಿ, ತನ್ನ ಹುಡುಗನ ಮಾತಿಗೆ ಕಿವಿಗೊಟ್ಟು ನಿಂತರು. ಆ ಘಟನೆಯ ಹೆಸರಿನಲ್ಲೇ ನಾವು ಒಂದು ಮಗುವಿಗೆ "ಕೇಳಬಾರದು" ಎಂದೆವು!

ಪ್ರಾಯ ನೋಡಿ ಹೇಳುವುದು, ಹೇಳಿದ ಮೇಲೆ ಕೇಳಿಸಿಕೊಳ್ಳುವುದು. ಮಕ್ಕಳಿಗೆ ಕುರ್‌ಆನ್ ಕಲಿಸುವ ಕ್ರಮ ಈ ಎರಡು ಮಾತುಗಳಲ್ಲಿದೆ.

ಕುರ್‌ಆನ್ ಅವತೀರ್ಣವಾದದ್ದೂ ಒಂದೇ ದಿನದಲ್ಲಲ್ಲ, 23 ವರ್ಷಗಳಲ್ಲಿ. ಇರಾಕಿನಿಂದ ಬಂದ ಒಬ್ಬರು ಮಾತೆ ಆಯಿಶಾ(ರ)ರ ಬಳಿ ಕುರ್‌ಆನಿನ ಕ್ರಮದ ಬಗ್ಗೆ ವಿಚಾರಿಸಿದಾಗ, ಅವರು ಕೊಟ್ಟ ಉತ್ತರ ಬುಖಾರಿಯಲ್ಲಿದೆ. ಮೊದಲು ಜನರ ಹೃದಯಗಳನ್ನು ಸಿದ್ಧಗೊಳಿಸಲಾಯಿತು, ಧರ್ಮಸಮ್ಮತ ಮತ್ತು ನಿಷಿದ್ಧಗಳ ನಿಯಮಗಳು ಆಮೇಲೆ ಬಂದವು, ಮೊದಲ ದಿನವೇ ಮದ್ಯವನ್ನು ನಿಷೇಧಿಸಿದ್ದರೆ ಜನರು ಒಪ್ಪುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಅರಬಿನ ವಯಸ್ಕರಿಗೇ ಇಷ್ಟು ನಿಧಾನ ಬೇಕಾಗಿದ್ದರೆ ನಮ್ಮ ಮಕ್ಕಳಿಗೆ ಬೇಡವೇ? ಪ್ರವಾದಿಯವರ(ಸ) ಕಾಲದಲ್ಲಿ ಹದಿಹರೆಯದವರಾಗಿದ್ದ ಜುಂದುಬ್(ರ)ರು, ನಾವು ಕುರ್‌ಆನ್ ಕಲಿಯುವ ಮೊದಲು ಈಮಾನನ್ನು ಕಲಿತೆವು, ನಂತರ ಕಲಿತ ಕುರ್‌ಆನಿನಿಂದ ನಮ್ಮ ಈಮಾನ್ ಹೆಚ್ಚಿತು ಎಂದು ನೆನೆದುಕೊಂಡದ್ದು ಇಬ್ನು ಮಾಜಾದಲ್ಲಿದೆ.

ಹಾಗೆಂದು ದೊಡ್ಡವರಾಗುವ ತನಕ ಮುಚ್ಚಿಡುವುದೂ ಸರಿಯಲ್ಲ. ಅಮ್ರ್ ಬಿನ್ ಸಲಿಮಾ(ರ) ಎಂಬ ಹುಡುಗನ ಮನೆ ಪ್ರಯಾಣಿಕರು ಹಾದುಹೋಗುವ ದಾರಿಯ ನೀರಿನ ತಾಣದಲ್ಲಿತ್ತು. ಕುಮಟಾ-ಶಿರಸಿ ರಸ್ತೆಯ ಬದಿಯ ನಮ್ಮ ಕತಗಾಲದ ಹಾಗೆ ಎಂದಿಟ್ಟುಕೊಳ್ಳಿ. ಬಂದುಹೋಗುವವರ ಬಾಯಿಂದ ಕೇಳಿ ಕೇಳಿಯೇ ಆತ ಕುರ್‌ಆನ್ ಕಂಠಪಾಠ ಮಾಡಿಕೊಂಡನು. ಅವನ ಗೋತ್ರ ಇಸ್ಲಾಮ್ ಸ್ವೀಕರಿಸಿದಾಗ ಎಲ್ಲರಿಗಿಂತ ಹೆಚ್ಚು ಕುರ್‌ಆನ್ ಬಲ್ಲವನು ಅವನೇ ಆಗಿದ್ದನು. ಆರೋ ಏಳೋ ವರ್ಷದ ಆ ಹುಡುಗನನ್ನೇ ಇಮಾಮನಾಗಿ ನಿಲ್ಲಿಸಿದರು. ಮಗುವಿನ ಕಿವಿಯನ್ನು ನಾವು ಸಣ್ಣದೆಂದು ತಿಳಿಯಬಾರದು.

ಮಗನೊಡನೆ ಮಾತನಾಡುವ ಒಬ್ಬ ತಂದೆಯ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. 31ನೇ ಅಧ್ಯಾಯ, ಲುಕ್ಮಾನ್. "ನನ್ನ ಮುದ್ದು ಮಗನೇ" ಎಂಬರ್ಥದ ಕರೆ ಅಲ್ಲಿ ಮೂರು ಸಲ ಬರುತ್ತದೆ. ಸಾಸಿವೆ ಕಾಳಿನಷ್ಟು ಸಣ್ಣ ಕರ್ಮವು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನು ಎಂದು ಲುಕ್ಮಾನರು ಮಗನಿಗೆ ತಿಳಿಸುತ್ತಾರೆ. ಯಾಣದ ಕಪ್ಪು ಬಂಡೆಗಳನ್ನು ಕತ್ತೆತ್ತಿ ನೋಡಿದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಕೊನೆಗೆ, ನಡೆಯುವಾಗ ಸೊಕ್ಕಬೇಡ, ಸ್ವರ ತಗ್ಗಿಸು ಎಂದು ಹೇಳಿ, ಕತ್ತೆಯ ಕೂಗಿನ ಉದಾಹರಣೆ ಕೊಡುತ್ತಾರೆ. ಯಾವ ಮಗು ನಗದೇ ಇದ್ದೀತು?

ನಮ್ಮ ಈ ಚರ್ಚೆಯೂ ಹೊಸದಲ್ಲ. 1377ರಲ್ಲಿ ತಮ್ಮ 'ಮುಕದ್ದಿಮಾ' ಬರೆದ ಇಬ್ನು ಖಲ್ದೂನ್, ಮಕ್ಕಳಿಗೆ ಕುರ್‌ಆನ್ ಕಲಿಸುವ ಬೇರೆ ಬೇರೆ ನಾಡುಗಳ ಪದ್ಧತಿಗಳನ್ನು ವಿವರಿಸಿದ್ದಾರೆ. ಮಗ್ರಿಬಿನಲ್ಲಿ ಮೊದಲಿಗೆ ಕುರ್‌ಆನ್ ಮಾತ್ರ. ಅಂದಲುಸಿನಲ್ಲಿ ಜೊತೆಗೆ ಭಾಷೆ, ಕಾವ್ಯ, ಬರವಣಿಗೆ. ತಿಳಿಯದ್ದನ್ನು ಓದಿಸುವುದನ್ನು ಟೀಕಿಸಿದ ಕಾಝಿ ಅಬೂಬಕರ್ ಇಬ್ನುಲ್ ಅರಬಿಯವರು, ಮೊದಲು ಭಾಷೆ ಮತ್ತು ಲೆಕ್ಕ ಕಲಿಸಿ ಆಮೇಲೆ ಕುರ್‌ಆನ್ ಕಲಿಸಿರಿ ಎಂದಿದ್ದರು. ಇದು ಒಳ್ಳೆಯ ಕ್ರಮವೆಂದು ಇಬ್ನು ಖಲ್ದೂನ್ ಮೆಚ್ಚುತ್ತಾರೆ. ಆದರೆ ರೂಢಿ ಇದಕ್ಕೆ ಒಗ್ಗುವುದಿಲ್ಲ, ಪ್ರಾಯಕ್ಕೆ ಬಂದ ಮಗ ಕೈತಪ್ಪಿ ಹೋದರೆ ಕುರ್‌ಆನ್ ಕಲಿಯದೇ ಉಳಿದಾನೆಂಬ ಭಯ ಹೆತ್ತವರಿಗಿದೆ ಎಂದೂ ಹೇಳುತ್ತಾರೆ. ಆರು ನೂರು ವರ್ಷಗಳ ಹಿಂದಿನ ಆ ಭಯ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಮಕ್ಕಳೊಡನೆ ಕಠೋರವಾಗಿ ವರ್ತಿಸಿದರೆ ಅವರು ಸುಳ್ಳು ಮತ್ತು ಕಪಟ ಕಲಿಯುತ್ತಾರೆಂದು ಎಚ್ಚರಿಸಿದವರೂ ಇಬ್ನು ಖಲ್ದೂನರೇ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಅನೇಕರ ಮನೆಮಾತು ನವಾಯತಿ ಅಥವಾ ದಖ್ಖನಿ ಉರ್ದು. ಶಾಲೆಯಲ್ಲಿ ಕನ್ನಡ. ಮಕ್ತಬಿನಲ್ಲಿ ಅರಬಿ ಅಕ್ಷರ. ಮಗು ಕಾಯಿದಾ ಮುಗಿಸಿ, ಅಮ್ಮ ಪಾರಾ ಓದಿ, ಖತಂ ಮಾಡುತ್ತದೆ. ನಾವು ಸಿಹಿ ಹಂಚುತ್ತೇವೆ. ಆ ಓದಿಗೆ ಪ್ರತಿಫಲವಿದೆ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಖತಂ ಎಂದರೆ ಮುಗಿಯಿತು ಎಂದು ಮಗು ತಿಳಿದುಕೊಂಡರೆ ಆ ತಪ್ಪು ನಮ್ಮದು. ಕನ್ನಡದಲ್ಲಿ ಇಂದು ಕುರ್‌ಆನ್ ಅನುವಾದಗಳು ಸುಲಭವಾಗಿ ಸಿಗುತ್ತವೆ. ಅವು ನಮ್ಮ ಕಪಾಟಿನ ಮೇಲ್ತಟ್ಟಿನಲ್ಲಿ ಧೂಳು ಹಿಡಿಯಲು ಮುದ್ರಣವಾದವುಗಳಲ್ಲ.

ಆದ್ದರಿಂದ ಸಹೋದರರೇ, ನಾವು ಹೀಗೆ ಮಾಡೋಣ. ಮಗ್ರಿಬ್ ನಂತರ ಹತ್ತು ನಿಮಿಷ, ಮೊಬೈಲ್ ಬದಿಗಿಟ್ಟು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳೋಣ. ಚಿಕ್ಕವರಿಗೆ ಫಾತಿಹಾ ಮತ್ತು ಸಣ್ಣ ಅಧ್ಯಾಯಗಳ ಅರ್ಥ, ಜೇನ್ನೊಣ, ಇರುವೆ, ಆನೆಯ ಪ್ರಸಂಗಗಳು. ಸ್ವಲ್ಪ ಬೆಳೆದವರಿಗೆ ಲುಕ್ಮಾನ್ ಮತ್ತು ಬಾಲಕ ಯೂಸುಫ್(ಅ)ರ ಕಥೆ. ಹದಿಹರೆಯಕ್ಕೆ ಬಂದವರಿಗೆ ಕಠಿಣವಾದ ಭಾಗಗಳು, ಅವು ಅವತೀರ್ಣಗೊಂಡ ಸಂದರ್ಭದ ವಿವರಣೆಯೊಂದಿಗೆ. ನರಕವನ್ನು ಹೇಳುವ ಮುನ್ನ ರಹ್ಮಾನ್ ಮತ್ತು ರಹೀಮ್ ಎಂಬ ಹೆಸರುಗಳ ಪರಿಚಯವಾಗಲಿ. ನೂರ ಹದಿಮೂರು ಅಧ್ಯಾಯಗಳ ಆರಂಭದಲ್ಲಿ ಅಲ್ಲಾಹನೇ ಇಟ್ಟ ಕ್ರಮ ಅದು. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎನ್ನೋಣ. ಅದರಿಂದ ತಂದೆಯ ಮರ್ಯಾದೆ ಕಡಿಮೆಯಾಗುವುದಿಲ್ಲ.

ನೆರೆಯವರ ಬಗ್ಗೆಯೂ ಒಂದು ಮಾತು. ದೇವಿಮನೆ ಘಟ್ಟ ಹತ್ತಿ ಶಿರಸಿ ದಾಟಿದರೆ ಸಿಗುವ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನವು 2011ರಲ್ಲಿ ಶಾಲೆಗಳಿಗೆ ಬಂದಾಗ ರಾಜ್ಯದಲ್ಲಿ ದೊಡ್ಡ ವಿವಾದವಾಯಿತು. 2022ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಬೈಬಲ್ ವಿಷಯದಲ್ಲಿ ಗದ್ದಲವಾಯಿತು. ಸಂವಿಧಾನದ 28ನೇ ವಿಧಿಯು ಪೂರ್ತಿ ಸರಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯನ್ನು ಒಪ್ಪುವುದಿಲ್ಲ. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಗಳಲ್ಲಿ ಮಗು ಪಾಲ್ಗೊಳ್ಳಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಈ ಹಕ್ಕನ್ನು ನಮ್ಮ ಮಕ್ಕಳಿಗೆ ಕೇಳುವ ನಾವು ಎಲ್ಲರ ಮಕ್ಕಳಿಗೂ ಅದನ್ನೇ ಬಯಸಬೇಕು. ನೆರೆಮನೆಯ ಮಗು ಗೀತೆಯನ್ನು ಭಕ್ತಿಯಿಂದ ಓದುವುದನ್ನು ನಮ್ಮ ಮಗು ಗೇಲಿ ಮಾಡಿದರೆ ತಿದ್ದಬೇಕು. ಅನ್ಯರ ಆರಾಧ್ಯರನ್ನು ನಿಂದಿಸಬಾರದೆಂದು ಕುರ್‌ಆನಿನ 6ನೇ ಅಧ್ಯಾಯದಲ್ಲಿ ಸ್ಪಷ್ಟ ಆದೇಶವಿದೆ. ಧರ್ಮಗ್ರಂಥವನ್ನು ಕಲಿಸುವುದು ಶಾಲೆಯ ಕೆಲಸವಲ್ಲ ಎಂದ ಮೇಲೆ ಅದು ಮನೆಯ ಕೆಲಸ. ಮನೆಯಲ್ಲೂ ಕಲಿಸದೆ ಹಕ್ಕಿನ ಮಾತನ್ನಷ್ಟೇ ಆಡಿದರೆ ಆ ಹಕ್ಕಿನಿಂದ ಮಗುವಿಗೇನು ಸಿಕ್ಕಿತು?

ಕೊನೆಯದಾಗಿ, ಆ ಹುಡುಗನ ವಿಷಯ. ಮರುದಿನ ಅಸರ್ ನಂತರ ಅವನನ್ನೂ ತಂದೆಯನ್ನೂ ಜೊತೆಯಲ್ಲಿ ಕೂರಿಸಿಕೊಂಡೆವು. ಪ್ರವಾದಿಗಳ ಕನಸು ಮಾತ್ರ ಅಲ್ಲಾಹನ ಸಂದೇಶ, ಮುಹಮ್ಮದ್(ಸ)ರ ನಂತರ ಪ್ರವಾದಿಗಳಿಲ್ಲ, ಆದ್ದರಿಂದ ನಿನ್ನ ಅಬ್ಬಾಗೆ ಅಂಥ ಆಜ್ಞೆ ಎಂದೂ ಬರುವುದಿಲ್ಲ ಎಂದೆವು. ಅಲ್ಲಾಹನು ಆ ಮಗನ ಪ್ರಾಣ ಬಯಸಲಿಲ್ಲ, ಕತ್ತಿಯನ್ನು ತಡೆದವನೂ ಅವನೇ, ಮಕ್ಕಳನ್ನು ಕೊಲ್ಲುವುದನ್ನು ಘೋರ ಪಾಪವೆಂದು ಸಾರಿದ ಗ್ರಂಥ ಇದು ಎಂದು ತಿಳಿಸಿದೆವು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಆ ಮಗನಿಗೆ ಹೆದರಿಕೆ ಆಗಲಿಲ್ವಾ?"

ನಮ್ಮಲ್ಲಿ ಉತ್ತರ ಸಿದ್ಧವಿರಲಿಲ್ಲ. ಸೂಕ್ತವನ್ನು ಮತ್ತೊಮ್ಮೆ ಓದಿದೆವು. ಅಲ್ಲಾಹನು ಇಚ್ಛಿಸಿದರೆ ನಾನು ತಾಳಿಕೊಳ್ಳುವವನಾಗಿರುವೆ ಎಂದು ಇಸ್ಮಾಈಲ್(ಅ)ರು ತಂದೆಗೆ ಭರವಸೆ ಕೊಟ್ಟಿದ್ದರು. ಹೆದರಿಕೆಯೇ ಇಲ್ಲದಿದ್ದರೆ ತಾಳ್ಮೆ ಏಕೆ ಬೇಕಿತ್ತು? "ಆಗಿರಬಹುದು ಮಗಾ, ಆದರೂ ತಾಳಿಕೊಂಡರು" ಎಂದೆವು. ಎಷ್ಟೋ ವರ್ಷ ಓದಿದ ಆ ಸೂಕ್ತವನ್ನು ಅಂದು ನಮಗೆ ಕಲಿಸಿದ್ದು ಆ ಹುಡುಗ.

ಅವನು ಈಗ ಅಬ್ಬಾನ ಪಕ್ಕದಲ್ಲೇ ಮಲಗುತ್ತಾನೆ. ಪ್ರಶ್ನೆ ಕೇಳುವುದನ್ನು ಮಾತ್ರ ಬಿಟ್ಟಿಲ್ಲ, ಅಲ್‌ಹಮ್ದುಲಿಲ್ಲಾಹ್.

ಓ ಅಲ್ಲಾಹ್, ನಮ್ಮ ಮಕ್ಕಳ ಹೃದಯಕ್ಕೆ ಕುರ್‌ಆನನ್ನು ವಸಂತವಾಗಿಸು. ಅವರ ಪಕ್ಕದಲ್ಲಿ ಕೂರುವ ತಾಳ್ಮೆಯನ್ನು ನಮಗೆ ಕರುಣಿಸು. ಆಮೀನ್.